ಬಾವುಟ ಏರಿಸುವ ಮುನ್ನ, ಇಳಿಸಿದ ಮೇಲೆ: ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಆಗುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಗಣರಾಜ್ಯೋತ್ಸವ. ನಿವೃತ್ತ ಮೇಷ್ಟ್ರೊಬ್ಬರನ್ನು ಧ್ವಜ ಅರಳಿಸಲು ಕರೆದಿದ್ದೆವು. ಅವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದು, ಎಲ್ಲರಿಗೂ ಕೈಮುಗಿದು, ಹಗ್ಗ ಎಳೆದರು. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಗಂಟು ಇನ್ನಷ್ಟು ಬಿಗಿಯಾಯಿತು. ಕೊನೆಗೆ ಪಿಯುಸಿ ಓದುವ ಹುಡುಗನೊಬ್ಬ ಕಂಬ ಹತ್ತಿ ಬಿಡಿಸಿದ, ಹೂವೆಲ್ಲ ಅವನ ತಲೆ ಮೇಲೇ ಬಿತ್ತು, ಜನ ಚಪ್ಪಾಳೆ ಹೊಡೆದರು, ಮೇಷ್ಟ್ರು ಮಾತ್ರ ಪೆಚ್ಚಾಗಿ ನಿಂತಿದ್ದರು. ಆ ಗಂಟು ಕಟ್ಟಿದ್ದು ನಾನು.

ಅಲ್ಲಿಂದ ಇಲ್ಲಿವರೆಗೆ ಬೀದಿಯ ಬಾವುಟದ ಕೆಲಸ ನನ್ನದೇ. ಶಿಕ್ಷೆ ಅಂತ ಕೊಟ್ಟರೋ ಪಾಪ ಅಂತ ಕೊಟ್ಟರೋ ಗೊತ್ತಿಲ್ಲ. ಮಾಡ್ತಾ ಮಾಡ್ತಾ ಒಂದು ವಿಷಯ ಅರ್ಥವಾಯಿತು. ಬಾವುಟ ಏರಿಸುವುದು ಐದು ನಿಮಿಷದ ಕೆಲಸ, ಅದನ್ನು ಎಲ್ಲರೂ ಮಾಡುತ್ತಾರೆ. ಅದರ ಹಿಂದಿನ ವಾರ ಮತ್ತು ಮಾರನೇ ದಿನ ಯಾರಿಗೂ ಬೇಡ. ದೇಶದ ಮೇಲೆ ಪ್ರೀತಿ ಇದೆ ಅನ್ನುವವರು ಕೈ ಹಾಕಬೇಕಾದದ್ದು ಅಲ್ಲಿಗೇ ಅಂತ ನನ್ನ ಲೆಕ್ಕ. ಅದಕ್ಕೆ ಈ ಬರಹದಲ್ಲಿ ಹಿಂದಿನ ವಾರಕ್ಕೂ ಮಾರನೇ ದಿನಕ್ಕೂ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಒಂದು ವಾರ ಮೊದಲು, ಸರಿಯಾದ ಬಾವುಟ ತನ್ನಿ

ಹಿಂದಿನ ದಿನ ಸಿಗ್ನಲ್‌ನಲ್ಲಿ ಮಾರುವುದನ್ನು ತಂದು ಕಟ್ಟೋಣ ಅಂದುಕೊಂಡರೆ ಸಿಗುವುದು ಅರ್ಧಂಬರ್ಧ ಬಾವುಟ. ಕೇಸರಿ ಪಟ್ಟಿ ಅಗಲ, ಹಸಿರು ಸಣ್ಣ, ಚಕ್ರ ಮೊಟ್ಟೆ ಆಕಾರ. ಅಂಗಡಿಯಲ್ಲೇ ಬಿಚ್ಚಿ ನೋಡಿ. ನೋಡಬೇಕಾದದ್ದು ತುಂಬಾ ಏನಿಲ್ಲ.

ಉದ್ದ ಮತ್ತು ಅಗಲದ ಲೆಕ್ಕ 3ಕ್ಕೆ 2 ಇರಬೇಕು. ಅಂದರೆ 90 ಸೆಂಟಿಮೀಟರ್ ಉದ್ದ ಇದ್ದರೆ 60 ಅಗಲ. ಗಾತ್ರ ಎಷ್ಟಾದರೂ ಇರಲಿ, ಈ ಲೆಕ್ಕ ತಪ್ಪಬಾರದು. ಮೂರು ಪಟ್ಟಿಗಳೂ ಒಂದೇ ಅಗಲ. ನಡುವಿನ ಅಶೋಕ ಚಕ್ರ ಕಡುನೀಲಿ, 24 ಕಡ್ಡಿಗಳು, ಬಟ್ಟೆಯ ಎರಡೂ ಬದಿಗೆ ಕಾಣಬೇಕು. ಕಡ್ಡಿ ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ಅವರಿಗೆ ಅದೊಂದು ಆಟ, ನಿಮಗೆ ತಪಾಸಣೆ. ನಮ್ಮ ಪಕ್ಕದ ಮನೆಯ ಹುಡುಗಿ ಒಂದು ಸಲ 22 ಕಡ್ಡಿಯ ಚಕ್ರ ಹಿಡಿದುಕೊಟ್ಟಿದ್ದಳು. ಅಂಗಡಿಯವರು ನಕ್ಕರು, ಆದರೆ ಬದಲಾಯಿಸಿ ಕೊಟ್ಟರು.

ಬಟ್ಟೆ ಖಾದಿಯೇ ಆಗಬೇಕಾ? ಮೊದಲು ಹಾಗೇ ಇತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ, ಅಂದರೆ ಬಾವುಟದ ಬಳಕೆಗೆ ಸರ್ಕಾರ ಮಾಡಿದ ನಿಯಮಗಳಿಗೆ, ತಿದ್ದುಪಡಿ ಮಾಡಿ, ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶ ಕೊಟ್ಟರು. ಅದರ ಮುಂದಿನ ವರ್ಷ ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಬಾವುಟ ಮಾರಿದ್ದು ನೆನಪಿರಬಹುದು. ಆದ್ದರಿಂದ ಪಾಲಿಯೆಸ್ಟರ್ ತಪ್ಪೇನಲ್ಲ. ಮಳೆಯಲ್ಲಿ ಬೇಗ ಒಣಗುತ್ತದೆ, ಅದೊಂದು ಅನುಕೂಲ ಕೂಡ.

ಆದರೂ ನನ್ನ ಮಾತು ಕೇಳುವುದಾದರೆ ಖಾದಿಯದ್ದೇ ತೆಗೆದುಕೊಳ್ಳಿ. ಯಾಕೆಂದರೆ ಅದು ನಮ್ಮ ನೆಲದ ಕಸುಬು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಪಡೆದ ಖಾದಿ ಧ್ವಜ ಅಲ್ಲಿಂದ ದೇಶದ ಮೂಲೆಮೂಲೆಗೆ ಹೋಗುತ್ತದೆ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದಾರದ ಬಲ, ಬಣ್ಣ, ಹೊಲಿಗೆ ಎಲ್ಲದಕ್ಕೂ ಅಳತೆ ಇದೆ, ಚೂರು ತಪ್ಪಿದರೂ ಪಕ್ಕಕ್ಕೆ ಇಡುತ್ತಾರೆ. ಬೆಲೆ ಪಾಲಿಯೆಸ್ಟರ್‌ಗಿಂತ ಜಾಸ್ತಿ, ನಿಜ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಪ್ರತಿ ವರ್ಷ ಹೊಸದು ಕೊಂಡು ಎಸೆಯುವುದಕ್ಕಿಂತ ಇದೇ ಅಗ್ಗ.

ಪ್ಲಾಸ್ಟಿಕ್ ಬಾವುಟ ಮಾತ್ರ ಮುಟ್ಟಬೇಡಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಬಂದಾಗ ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಇತ್ತು. ಈಗಲೂ ಮಾರುತ್ತಾರೆ, ನಾವು ಕೊಳ್ಳುವುದರಿಂದ ಮಾರುತ್ತಾರೆ.

ಹಂತ 2: ಕಂಬ, ರಾಟೆ, ಹಗ್ಗ

ಕಾರ್ಯಕ್ರಮಕ್ಕೆ ಎರಡು ಮೂರು ದಿನ ಇರುವಾಗ ಕಂಬದ ತುದಿಯ ರಾಟೆ ತಿರುಗುತ್ತಾ ಅಂತ ನೋಡಿ. ವರ್ಷಕ್ಕೆ ಎರಡು ಸಲ ಮಾತ್ರ ಬಳಸುವ ರಾಟೆ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಯಾವುದೋ ಹಕ್ಕಿ ಅಲ್ಲಿ ಗೂಡು ಕಟ್ಟಿರುತ್ತದೆ. ನಾಲ್ಕು ಹನಿ ಎಣ್ಣೆ ಬಿಟ್ಟರೆ ಸಾಕು. ಹಗ್ಗ ಕಂಬದ ಎತ್ತರದ ಎರಡರಷ್ಟು ಇದ್ದು, ಮೇಲೆ ಇನ್ನೂ ಒಂದೆರಡು ಮಾರು ಉಳಿಯಬೇಕು. ನುಣುಪಾದ ನೈಲಾನ್ ಹಗ್ಗದಲ್ಲಿ ಗಂಟು ತಾನಾಗೇ ಜಾರುತ್ತದೆ, ಸೆಣಬಿನ ಹಗ್ಗ ನೆನೆದರೆ ಉಬ್ಬಿ ಬಿಗಿಯುತ್ತದೆ. ಹತ್ತಿ ಹಗ್ಗ ನನ್ನ ಆಯ್ಕೆ. ಆಗಸ್ಟ್ 15 ಅಂದರೆ ಆಶ್ಲೇಷಾ ಮಳೆಯ ಕೊನೆ, ಮಘೆಯ ಬಾಗಿಲು. ನಿಮ್ಮ ಹಗ್ಗ ನೆನೆಯುವುದು ಗ್ಯಾರಂಟಿ ಅಂತಲೇ ಇಟ್ಟುಕೊಂಡು ತಯಾರಿ ಮಾಡಿ.

ಕಂಬ ಇಲ್ಲದ ಮನೆಯವರು ಬಾಲ್ಕನಿಗೆ, ಕಿಟಕಿಗೆ ಕೋಲು ಕಟ್ಟಿ ಹಾರಿಸಬಹುದು. ಆಗ ಕೇಸರಿ ಕೋಲಿನ ತುದಿಯ ಕಡೆಗಿರಬೇಕು. ಗೋಡೆಗೆ ಅಡ್ಡಡ್ಡ ಹಾಕಿದರೆ ಕೇಸರಿ ಮೇಲೆ. ಉದ್ದುದ್ದ ಇಳಿಬಿಟ್ಟರೆ ಕೇಸರಿ ನೋಡುವವರ ಎಡಗೈ ಕಡೆ ಬರಬೇಕು. ಇದು ಅನೇಕರಿಗೆ ಗೊತ್ತಿಲ್ಲ, ದೊಡ್ಡ ದೊಡ್ಡ ವೇದಿಕೆಗಳಲ್ಲೇ ತಪ್ಪಾಗಿರುತ್ತದೆ.

ಇನ್ನೊಂದು ನಮ್ಮ ಕಡೆಯ ಸಮಸ್ಯೆ. ಬಹಳ ಬೀದಿಗಳಲ್ಲಿ ಕಂಬ ಇರುವುದು ಒಂದೇ, ಅದರಲ್ಲಿ ಹಳದಿ ಕೆಂಪಿನ ಕನ್ನಡ ಬಾವುಟ ವರ್ಷಪೂರ್ತಿ ಇರುತ್ತದೆ. ಅದರ ಮೇಲೋ ಕೆಳಗೋ ತ್ರಿವರ್ಣ ಕಟ್ಟಿಬಿಡುತ್ತಾರೆ. ಒಂದು ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಬೇರೆ ಯಾವ ಬಾವುಟವೂ ಇರುವಂತಿಲ್ಲ, ಪಕ್ಕದ ಕಂಬದಲ್ಲಿ ಅದಕ್ಕಿಂತ ಎತ್ತರಕ್ಕೋ ಸಮಕ್ಕೋ ಇರುವಂತಿಲ್ಲ. ಕನ್ನಡ ಬಾವುಟವನ್ನು ಗೌರವದಿಂದ ಇಳಿಸಿ, ಬೇರೆ ಕಡೆ ಸ್ವಲ್ಪ ತಗ್ಗಿನ ಕೋಲಿಗೆ ಕಟ್ಟಿ. ಇದನ್ನು ಹಿಂದಿನ ದಿನವೇ ಸಂಘದವರ ಹತ್ತಿರ ಮಾತಾಡಿ ಮುಗಿಸಿ. ಬೆಳಿಗ್ಗೆ ಎಂಟು ಗಂಟೆಗೆ ಕಂಬದ ಕೆಳಗೆ ನಿಂತು ಜಗಳ ಆಡುವುದು ಚೆನ್ನಾಗಿರಲ್ಲ.

ಹಂತ 3: ಗಂಟು

ನಾನು ಮರ್ಯಾದೆ ಕಳೆದುಕೊಂಡ ಜಾಗ ಇದು, ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ವ್ಯತ್ಯಾಸ. ಆಗಸ್ಟ್ 15ಕ್ಕೆ ಕೆಂಪು ಕೋಟೆಯಲ್ಲಿ ಪ್ರಧಾನಿ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾರೆ, ಅದು ಧ್ವಜಾರೋಹಣ. ಜನವರಿ 26ಕ್ಕೆ ಕರ್ತವ್ಯ ಪಥದಲ್ಲಿ ಬಾವುಟ ಆಗಲೇ ತುದಿಯಲ್ಲಿ ಮಡಿಚಿ ಕಟ್ಟಿರುತ್ತದೆ, ರಾಷ್ಟ್ರಪತಿ ಹಗ್ಗ ಎಳೆದು ಅರಳಿಸುತ್ತಾರೆ. ಮೊದಲನೆಯದು ಹೊಸದಾಗಿ ಸ್ವತಂತ್ರವಾದ ದೇಶದ ಬಾವುಟ ಮೇಲೇರಿದ ನೆನಪು. ಎರಡನೆಯದು ಆಗಲೇ ಸ್ವತಂತ್ರವಾಗಿದ್ದ ದೇಶ ತನ್ನ ಸಂವಿಧಾನ ಜಾರಿಗೆ ತಂದ ದಿನ. ನಮ್ಮ ಬೀದಿಗಳಲ್ಲಿ ಎರಡೂ ದಿನ ಹೂ ತುಂಬಿ ಗಂಟು ಕಟ್ಟುವುದೇ ರೂಢಿ. ಆಗಸ್ಟ್‌ನಲ್ಲಿ ಗಂಟಿಲ್ಲದೆ ನೇರವಾಗಿ ಏರಿಸಿ ನೋಡಿ, ಅಂದವೂ ಹೌದು, ಗಂಡಾಂತರವೂ ಕಡಿಮೆ.

ಗಂಟು ಕಟ್ಟಲೇಬೇಕು ಅಂದರೆ ಹೀಗೆ. ಬಾವುಟದ ಮೇಲ್ತುದಿ ಮತ್ತು ಕೆಳತುದಿ ಎರಡನ್ನೂ ಹಗ್ಗಕ್ಕೆ ಭದ್ರವಾಗಿ ಕಟ್ಟಿ. ಈ ಎರಡು ಗಂಟು ಬಿಚ್ಚಬಾರದು. ಆಮೇಲೆ ಬಾವುಟವನ್ನು ಉದ್ದಕ್ಕೆ ಮಡಿಚಿ, ತುದಿಯಿಂದ ಕಂಬದ ಕಡೆಗೆ ಸಡಿಲವಾಗಿ ಸುತ್ತುತ್ತಾ ಬನ್ನಿ. ನಡುವೆ ಹೂವಿನ ಎಸಳು ಇಡಿ. ಒಂದು ಹಿಡಿ, ಅಷ್ಟೇ. ಇಡೀ ಚೆಂಡು ಹೂ ತುಂಬಿದರೆ ಭಾರಕ್ಕೆ ಉಂಡೆ ಜೋತು ಬೀಳುತ್ತದೆ, ಒದ್ದೆ ಹೂವಾದರೆ ಬಿಳಿ ಪಟ್ಟಿಗೆ ಕಲೆ ಹಿಡಿಯುತ್ತದೆ. ಸೇವಂತಿಗೆಯನ್ನೋ ಗುಲಾಬಿಯನ್ನೋ ಬಿಡಿಸಿ, ಅರ್ಧ ಗಂಟೆ ಫ್ಯಾನ್ ಕೆಳಗೆ ಹರಡಿ, ಆಮೇಲೆ ಬಳಸಿ.

ಈಗ ಉಂಡೆ ಸಿದ್ಧ. ಬಾವುಟದ ಕೆಳತುದಿಯಿಂದ ಕೆಳಗಿಳಿಯುವ ಹಗ್ಗ ಇದೆಯಲ್ಲ, ಅದನ್ನೇ ಉಂಡೆಯ ಸುತ್ತ ಎರಡು ಸುತ್ತು ಸುತ್ತಿ. ಅದೇ ಹಗ್ಗವನ್ನು ಒಂದು ಕಡೆ ಬಗ್ಗಿಸಿ ಸಣ್ಣ ಕುಣಿಕೆ ಮಾಡಿ, ಆ ಕುಣಿಕೆಯನ್ನು ಮಾತ್ರ ಸುತ್ತಿನ ಅಡಿಗೆ ತೂರಿಸಿ. ಶೂ ಲೇಸ್ ಕಟ್ಟುವಾಗ ಒಂದು ಕಿವಿ ಮಾತ್ರ ಬಿಟ್ಟ ಹಾಗೆ. ಹಗ್ಗದ ತುದಿಯನ್ನು ಪೂರ್ತಿ ತೂರಿಸಿ ಎಳೆದರೆ ಮುಗೀತು, ಅದು ಗಂಟು ಆಗುತ್ತದೆ, ಹುಡುಗ ಕಂಬ ಹತ್ತಬೇಕಾಗುತ್ತದೆ. ನಾನು ಮಾಡಿದ್ದು ಇದನ್ನೇ, ಬಿಚ್ಚಿಕೊಂಡರೆ ಅನ್ನುವ ಭಯಕ್ಕೆ.

ಮೇಲೆ ಏರಿಸುವಾಗ ಎಳೆಯುವ ಹಗ್ಗ ಬೇರೆ, ಅರಳಿಸುವಾಗ ಎಳೆಯುವ ಹಗ್ಗ ಬೇರೆ. ಏರಿಸುವಾಗ ಎರಡನೆಯದನ್ನು ಸಡಿಲ ಬಿಟ್ಟಿರಬೇಕು, ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಹೂ ಸುರಿಯುತ್ತದೆ. ಅರಳಿಸುವ ಹಗ್ಗಕ್ಕೆ ಕೈಗೆಟುಕುವ ಎತ್ತರದಲ್ಲಿ ಒಂದು ದಾರ ಸುತ್ತಿ ಗುರುತು ಮಾಡಿ, ಅತಿಥಿಗೆ ಮೆಲ್ಲಗೆ ತೋರಿಸಿ, "ಇದನ್ನು ಒಂದೇ ಸಲ ಗಟ್ಟಿಯಾಗಿ ಎಳೆಯಿರಿ ಸರ್" ಅನ್ನಿ. ಅಳುಕುತ್ತಾ ಎಳೆದರೆ ಬಿಚ್ಚುವುದಿಲ್ಲ.

ಹಿಂದಿನ ಸಂಜೆ ಮೂರು ಸಲ ಅಭ್ಯಾಸ ಮಾಡಿ. ಬಾವುಟದಲ್ಲಿ ಬೇಡ, ಅದೇ ಅಳತೆಯ ಟವೆಲ್ ಕಟ್ಟಿ. ಬೀದಿಯ ಜನ ನಗುತ್ತಾರೆ, ನಗಲಿ ಬಿಡಿ, ಆಮೇಲೆ ಅವರೇ ಹಗ್ಗ ಹಿಡಿಯಲು ಬರುತ್ತಾರೆ.

ಹಂತ 4: ಏರಿಸಲು ಯಾರನ್ನು ಕರೆಯಬೇಕು

ಕಾರ್ಪೊರೇಟರ್ ಬರುತ್ತಾರೆ ಅಂತ ಒಂಬತ್ತೂವರೆವರೆಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ನಿಮ್ಮ ಬೀದಿಯಲ್ಲೇ ಇರುವ ಮಾಜಿ ಸೈನಿಕರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಲೈನ್‌ಮನ್, ದಿನಾ ಬೆಳಿಗ್ಗೆ ಆರಕ್ಕೆ ರಸ್ತೆ ಗುಡಿಸುವ ಪೌರಕಾರ್ಮಿಕರು, ಇವರಲ್ಲಿ ಒಬ್ಬರನ್ನು ಕರೆಯಿರಿ. ಆದರೆ ಒಂದು ಸೂಕ್ಷ್ಮ ಇದೆ. ಅವತ್ತೇ ಬೆಳಿಗ್ಗೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ "ಬನ್ನಿ, ನೀವೇ ಹಾರಿಸಿ" ಅಂದರೆ ಅದು ಗೌರವ ಅಲ್ಲ, ಫೋಟೊಕ್ಕೆ ಮಾಡಿದ ಕೆಲಸ. ವಾರ ಮೊದಲೇ ಮನೆಗೆ ಹೋಗಿ, ಅವರ ಕೆಲಸದ ಹೊತ್ತು ಕೇಳಿಕೊಂಡು, ಮನೆಯವರನ್ನೂ ಸೇರಿಸಿ ಕರೆಯಿರಿ. ನಮ್ಮಲ್ಲಿ ಒಂದು ವರ್ಷ ಹಾಗೆ ಕರೆದಾಗ ಆ ಅಮ್ಮ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅವರ ಹೆಸರು ನಮಗೆ ತಿಳಿದದ್ದೇ ಅವತ್ತು. ಅಷ್ಟು ವರ್ಷ ದಿನಾ ನೋಡುತ್ತಿದ್ದೆವು.

ಹಂತ 5: ಆ ಬೆಳಿಗ್ಗೆ

ಬಾವುಟವನ್ನು ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನ. ಎಲ್ಲರೂ ಧ್ವಜದ ಕಡೆ ಮುಖ ಮಾಡಿ ನೇರ ನಿಲ್ಲಬೇಕು. ನೆಲಕ್ಕೆ, ನೀರಿಗೆ ಬಾವುಟ ತಾಗಬಾರದು. ಹರಿದಿರಬಾರದು, ಸುಕ್ಕಾಗಿರಬಾರದು, ಅದರ ಮೇಲೆ ಏನೂ ಬರೆದಿರಬಾರದು. ಮಡಿಕೆಯೊಳಗೆ ಹೂ ಇಡಬಹುದು, ಆದರೆ ಕಂಬದ ಮೇಲೆ ಹೂವಿನ ಹಾರ ಹಾಕುವ ಹಾಗಿಲ್ಲ. ಹಾರ ತಂದಿದ್ದರೆ ಗಾಂಧಿ, ಅಂಬೇಡ್ಕರ್ ಪಟಗಳಿಗೆ ಹಾಕಿ. ಕಾರಿನ ಬಾನೆಟ್ ಮೇಲೆ ಬಾವುಟ ನೆಡುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮಂತ್ರಿಗಳು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಹೀಗೆ ಪಟ್ಟಿಯಲ್ಲಿ ಇರುವವರಿಗೆ ಮಾತ್ರ. ನಿಮ್ಮ ಸ್ಕಾರ್ಪಿಯೊಗೆ ಬೇಡ.

ರಂಗೋಲಿಯಲ್ಲಿ ಮೂರು ಬಣ್ಣ ಬಳಸಿ ಏನು ಬೇಕಾದರೂ ಬಿಡಿಸಿ, ಚಕ್ರ ಸಮೇತ ಬಾವುಟವನ್ನೇ ನೆಲದ ಮೇಲೆ ಬಿಡಿಸಬೇಡಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತುಳಿದಿರುತ್ತಾರೆ. ಹಾಗಂತ ಎಲ್ಲದಕ್ಕೂ ಹುಬ್ಬು ಗಂಟಿಕ್ಕುವುದೂ ಬೇಡ. ತ್ರಿವರ್ಣದ ಕೇಕ್ ಕತ್ತರಿಸಿದ್ದಕ್ಕೆ ಹಾಕಿದ ಕೇಸೊಂದು ಮದ್ರಾಸ್ ಹೈಕೋರ್ಟಿಗೆ ಹೋಗಿ, ಅದು ಅವಮಾನ ಅಲ್ಲ ಅಂತ 2021ರಲ್ಲಿ ತೀರ್ಪಾಯಿತು. 1971ರ ರಾಷ್ಟ್ರಗೌರವ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಪಕ್ಕದ ಮನೆಯ ಮಗು ಬಾವುಟ ತಲೆಕೆಳಗೆ ಹಿಡಿದರೆ ಕಾಯ್ದೆ ಓದಬೇಡಿ. ತಿರುಗಿಸಿ ಕೊಡಿ, ಸಾಕು.

ರಾಷ್ಟ್ರಗೀತೆ ಪೂರ್ತಿ ಹಾಡಲು ಸುಮಾರು 52 ಸೆಕೆಂಡು. ನಮ್ಮಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ: ಮೈಕ್ ಹಿಡಿದವರು ಉತ್ಸಾಹದಲ್ಲಿ ಮೇಲಿನ ಶ್ರುತಿಯಲ್ಲಿ ಶುರು ಮಾಡುತ್ತಾರೆ, ಕೊನೆಯ ಜಯ ಹೇ ಬರುವಷ್ಟರಲ್ಲಿ ಎಲ್ಲರ ಗಂಟಲೂ ಬಿದ್ದುಹೋಗಿರುತ್ತದೆ. ಕೆಳಗಿನ ಶ್ರುತಿ ಹಿಡಿಯಿರಿ. ಬೀದಿಯ ಇಬ್ಬರು ಮಕ್ಕಳಿಗೆ ಮೊದಲೇ ಹೇಳಿ ಅಭ್ಯಾಸ ಮಾಡಿಸಿ, ಅವರು ಮುಂದೆ ನಿಂತು ಹಾಡಲಿ. ರೆಕಾರ್ಡ್ ಹಾಕುವುದಾದರೆ ಹಿಂದಿನ ದಿನವೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನೂರು ಜನ ಅಟೆನ್ಷನ್‌ನಲ್ಲಿ ನಿಂತಿರುವಾಗ ಯೂಟ್ಯೂಬ್‌ನಿಂದ ಟೂತ್‌ಪೇಸ್ಟ್ ಜಾಹೀರಾತು ಬಂದರೆ ಯಾರ ಮುಖ ನೋಡುತ್ತೀರಿ?

ಹಂತ 6: ಭಾಷಣದ ಬದಲು ನಿಮ್ಮ ಜಿಲ್ಲೆಯ ಕತೆ

ಪ್ರತಿ ವರ್ಷ ಅದೇ ಭಾಷಣ. ಬ್ರಿಟಿಷರು ಬಂದರು, ನಮ್ಮನ್ನು ಆಳಿದರು, ಗಾಂಧೀಜಿ ಹೋರಾಡಿದರು. ಮಕ್ಕಳು ಲಡ್ಡಿನ ಡಬ್ಬ ನೋಡುತ್ತಾ ನಿಂತಿರುತ್ತಾರೆ. ಇದನ್ನು ಬಿಟ್ಟು ಐದು ನಿಮಿಷ ನಿಮ್ಮ ಸುತ್ತಮುತ್ತಲಿನ ಒಂದು ಘಟನೆ ಹೇಳಿ ನೋಡಿ.

ಮಂಡ್ಯ ಕಡೆಯವರಾದರೆ ಮದ್ದೂರಿನ ಹತ್ತಿರದ ಶಿವಪುರ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬಾವುಟ ಏರಿಸಬಾರದು ಅಂತ ನಿಷೇಧ ಹಾಕಿತ್ತು. ಜನ ಕೇಳಲಿಲ್ಲ. ಅವತ್ತಿನ ತ್ರಿವರ್ಣದಲ್ಲಿ ಚಕ್ರ ಇರಲಿಲ್ಲ, ಚರಕ ಇತ್ತು. ಟಿ. ಸಿದ್ದಲಿಂಗಯ್ಯನವರು ಅದನ್ನು ಏರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಏರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಅಲ್ಲೇ ಸತ್ತರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಅದನ್ನು ಕರೆಯುತ್ತಾರೆ. ನಾವು ಮರುದಿನ ಚರಂಡಿಗೆ ಬೀಳಿಸುವ ಇದೇ ಬಟ್ಟೆ ಏರಿಸಲು ಹೋಗಿ ಸತ್ತವರು ಅವರು. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು, ಸ್ಮಾರಕ ಇದೆ.

ಶಿವಮೊಗ್ಗದವರಿಗೆ ಈಸೂರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ 1942ರಲ್ಲಿ ಊರೇ ತನ್ನನ್ನು ಸ್ವತಂತ್ರ ಅಂತ ಸಾರಿಕೊಂಡು, ಇಬ್ಬರು ಬಾಲಕರನ್ನು ಅಮಲ್ದಾರ (ತಾಲ್ಲೂಕಿನ ಅಧಿಕಾರಿ) ಮತ್ತು ಸಬ್‌ಇನ್‌ಸ್ಪೆಕ್ಟರ್ ಮಾಡಿತು. ಆಮೇಲಿನ ಗಲಭೆಗಾಗಿ 1943ರಲ್ಲಿ ಐವರನ್ನು ಗಲ್ಲಿಗೇರಿಸಿದರು. ಹಾವೇರಿಯವರಿಗೆ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಇದ್ದಾರೆ. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಉತ್ತರ ಕನ್ನಡದವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. ಬೆಳಗಾವಿಗೆ 1924ರ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಹಾಗೇ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಅದೇ ಜಿಲ್ಲೆ.

ನಿಮ್ಮ ಊರಿನದ್ದು ಈ ಪಟ್ಟಿಯಲ್ಲಿ ಇಲ್ಲದಿದ್ದರೆ ಹುಡುಕುವ ದಾರಿ ಹೇಳುತ್ತೇನೆ. ಗ್ರಂಥಾಲಯದಲ್ಲಿ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ತಂದ ಮಾಹಿತಿ ಪುಸ್ತಕ) ಕೇಳಿ, ಅದರಲ್ಲಿ ಸ್ವಾತಂತ್ರ್ಯ ಹೋರಾಟದ ಭಾಗ ಇರುತ್ತದೆ. ತಾಲ್ಲೂಕು ಕಚೇರಿ ಮುಂದೆಯೋ ಹಳೇ ಬಸ್ ನಿಲ್ದಾಣದ ಹತ್ತಿರವೋ ಧೂಳು ಹಿಡಿದ ಹುತಾತ್ಮರ ಕಲ್ಲೊಂದು ಇರುತ್ತದೆ, ಅದರ ಹೆಸರುಗಳನ್ನು ಬರೆದುಕೊಳ್ಳಿ. ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಆ ಹೆಸರು ಹೇಳಿ ಕೂತುಕೊಳ್ಳಿ. ಅವರು ಕಂಡಿಲ್ಲದಿದ್ದರೂ ಅವರ ಅಪ್ಪ ಅಮ್ಮ ಹೇಳಿದ್ದು ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅನುಮತಿ ಕೇಳಿ.

ಇದರ ಜೊತೆ ದೊಡ್ಡವರಿಗೆ ಹೇಳಬೇಕಾದ ಇನ್ನೊಂದು ಕತೆ ಇದೆ, ಅದು ಹಳೆಯದಲ್ಲ. ಸ್ವಾತಂತ್ರ್ಯ ಬಂದ ಮೇಲೂ ಸಾಮಾನ್ಯ ಜನ ಬೇಕೆಂದ ದಿನ ಮನೆ ಮೇಲೆ ಬಾವುಟ ಹಾರಿಸುವಂತಿರಲಿಲ್ಲ, ರಾಷ್ಟ್ರೀಯ ಹಬ್ಬಗಳಂದು ಮಾತ್ರ ಅವಕಾಶ. ಕಾರ್ಖಾನೆಯಲ್ಲಿ ದಿನಾ ಹಾರಿಸಲು ಬಿಡಲಿಲ್ಲ ಅಂತ ಉದ್ಯಮಿ ನವೀನ್ ಜಿಂದಾಲ್ ಕೋರ್ಟಿಗೆ ಹೋದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಬಂತು, ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾತ್ರಿಯೂ ಹಾರಿಸಬಹುದು ಅನ್ನುವ ಅವಕಾಶ ಬಂದದ್ದು 2022ರ ಜುಲೈನಲ್ಲಿ.

ಹಂತ 7: ಬಾವುಟ ಬಿಟ್ಟು ಬೇರೆ

ಜನವರಿ 26ಕ್ಕೆ ಸಂವಿಧಾನದ ಪೀಠಿಕೆ ಓದಿ, ಎರಡು ನಿಮಿಷ ಸಾಕು. "ಭಾರತದ ಪ್ರಜೆಗಳಾದ ನಾವು" ಅಂತ ಒಬ್ಬರು ಶುರು ಮಾಡಲಿ, ಒಂದೊಂದು ಸಾಲು ಒಬ್ಬೊಬ್ಬರಿಗೆ. ಗಣರಾಜ್ಯ ಅಂದರೇನು ಅಂತ ಮಗು ಕೇಳಿದರೆ ಉತ್ತರ ಇಟ್ಟುಕೊಂಡಿರಿ: ನಮ್ಮಲ್ಲಿ ರಾಜ ಇಲ್ಲ, ದೇಶದ ಮುಖ್ಯಸ್ಥರನ್ನೂ ಆರಿಸಿಯೇ ಕೂರಿಸುತ್ತೇವೆ.

18 ತುಂಬಿದವರು ಮನೆಯಲ್ಲಿದ್ದರೆ ರಜೆಯ ಮಧ್ಯಾಹ್ನ ಕೂತು ಮತದಾರರ ಪಟ್ಟಿಗೆ ನಮೂನೆ 6 ತುಂಬಿಸಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಮೊದಲು ಜನವರಿ 1ಕ್ಕೆ 18 ಆಗಿರಬೇಕಿತ್ತು, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಹೆಸರೂ ಪಟ್ಟಿಯಲ್ಲಿ ಇದೆಯಾ ನೋಡಿ. ಮನೆ ಬದಲಾಯಿಸಿದವರದ್ದು ಹೆಚ್ಚಾಗಿ ಹಳೇ ವಾರ್ಡಿನಲ್ಲೇ ಉಳಿದಿರುತ್ತದೆ.

ರಕ್ತದಾನ ಶಿಬಿರ ಹತ್ತಿರದಲ್ಲಿದ್ದರೆ ಹೋಗಿ. 18ರಿಂದ 65 ವಯಸ್ಸು, 45 ಕೆಜಿಗಿಂತ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಬೆಳಿಗ್ಗೆ ಧ್ವಜ ವಂದನೆಗೆ ಖಾಲಿ ಹೊಟ್ಟೆಯಲ್ಲಿ ನಿಂತು ಹಾಗೇ ಶಿಬಿರಕ್ಕೆ ಹೋಗಬೇಡಿ, ತಿಂಡಿ ತಿಂದು ಹೋಗಿ.

ವಾಟ್ಸಾಪ್ ಬಗ್ಗೆ ಒಂದು ಮಾತು. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಅಂತ ಬಿರುದು ಕೊಟ್ಟಿದೆ ಅನ್ನುವ ಸಂದೇಶ ಪ್ರತಿ ಆಗಸ್ಟ್‌ನಲ್ಲಿ ಬರುತ್ತದೆ. ಅದು ಸುಳ್ಳು. ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಚಿಕ್ಕಪ್ಪನೋ ಸೋದರಮಾವನೋ ಆಗಿದ್ದರೆ ಗುಂಪಿನಲ್ಲಿ ತಿದ್ದದೆ ಅವರೊಬ್ಬರಿಗೇ ಹೇಳಿ.

ಹಂತ 8: ಸಂಜೆ, ಮತ್ತು ಮಾರನೇ ದಿನ

ಎಲ್ಲರೂ ಹೋದ ಮೇಲೆ ಉಳಿಯುವ ಕೆಲಸ. ರಾತ್ರಿ ಹಾರಿಸಲು ಅವಕಾಶ ಇದ್ದರೂ, ಗಾಳಿ ಮಳೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಸಂಜೆಯೇ ಇಳಿಸಿ. ಹರಿದ ಬಾವುಟ ಕಂಬದ ಮೇಲೆ ತಿಂಗಳುಗಟ್ಟಲೆ ಜೋತಾಡುವುದನ್ನು ಎಷ್ಟು ಕಡೆ ನೋಡಿಲ್ಲ ನಾವು. ಇಬ್ಬರು ಇರಿ, ಒಬ್ಬರು ಹಗ್ಗ ಬಿಡುವಾಗ ಇನ್ನೊಬ್ಬರು ಕೆಳಗೆ ಕೈಯೊಡ್ಡಿ ಹಿಡಿಯಬೇಕು.

ಮಡಿಚಲು ಒಂದು ಕ್ರಮ ಇದೆ. ಬಾವುಟವನ್ನು ಅಡ್ಡಡ್ಡ ಹಿಡಿಯಿರಿ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಚಿ, ಮೇಲೆ ಬಿಳಿ ಮಾತ್ರ ಕಾಣಲಿ. ಆಮೇಲೆ ಎರಡೂ ಬದಿಯಿಂದ ನಡುವಿಗೆ ಮಡಿಚುತ್ತಾ ಬಂದು ಕೊನೆಗೆ ಅಶೋಕ ಚಕ್ರ, ಅದರ ಜೊತೆ ಕೇಸರಿ ಹಸಿರಿನ ಸ್ವಲ್ಪ ಭಾಗ ಮಾತ್ರ ಮೇಲೆ ಕಾಣುವ ಹಾಗೆ ಮಾಡಿ. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಒಳಗೆ ಒಯ್ಯಿರಿ. ನೆನೆದಿದ್ದರೆ ಮಡಿಚುವ ಮುಂಚೆ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಖಾದಿಗೆ ಬೂಷ್ಟು ಹಿಡಿಯುತ್ತದೆ.

ಹದಿನಾರನೇ ತಾರೀಕು ಬೆಳಿಗ್ಗೆ ಅರ್ಧ ಗಂಟೆ ಮೊದಲು ಏಳಿ. ಒಂದು ಬಟ್ಟೆ ಚೀಲ ತೆಗೆದುಕೊಂಡು ಶಾಲೆಯ ಸುತ್ತ, ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹೋಗಿ. ಕಾಗದದ ಬಾವುಟ, ಎದೆಗೆ ಚುಚ್ಚಿಕೊಳ್ಳುವ ಸಣ್ಣ ಬಾವುಟ, ಚರಂಡಿ ಅಂಚಿನಲ್ಲಿ ಸಿಕ್ಕ ತೋರಣ, ಎಲ್ಲ ಆರಿಸಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋದರೆ ಮುಂದಿನ ವರ್ಷ ಅವರ ಬಾವುಟ ರಸ್ತೆಗೆ ಬೀಳುವುದಿಲ್ಲ. ಮೊದಲ ವರ್ಷ ನಾನೊಬ್ಬನೇ ಹೋಗಿ ಎರಡು ಚೀಲ ತುಂಬಿಸಿಕೊಂಡು ಬಂದಿದ್ದೆ. ಹಾಲು ಹಾಕುವವರು ಗುಜರಿ ಆಯುತ್ತಿದ್ದೀರಾ ಅಂತ ಕೇಳಿದ್ದರು.

ಆರಿಸಿದ್ದನ್ನು ಏನು ಮಾಡುವುದು? ಕಸದ ಬುಟ್ಟಿಗೆ ಹಾಕುವಂತಿಲ್ಲ. ಹಾಳಾದ ಬಾವುಟವನ್ನು ಚೂರು ಮಾಡದೆ ಇಡಿಯಾಗಿ, ಜನರ ಕಣ್ಣೆದುರು ಅಲ್ಲದೆ ಖಾಸಗಿಯಾಗಿ, ಸುಟ್ಟೋ ಗೌರವಕ್ಕೆ ಕುಂದು ಬಾರದ ಬೇರೆ ರೀತಿಯಲ್ಲೋ ಇಲ್ಲವಾಗಿಸಬೇಕು ಅಂತ ಧ್ವಜ ಸಂಹಿತೆ ಹೇಳುತ್ತದೆ. ಕಾಗದ ಮತ್ತು ಖಾದಿಯದ್ದನ್ನು ನಾನು ಹಿತ್ತಲಲ್ಲಿ ಸಣ್ಣ ಬೆಂಕಿ ಮಾಡಿ, ಮಡಿಚಿ ಇಟ್ಟು ಸುಡುತ್ತೇನೆ, ಬೂದಿಯನ್ನು ಗಿಡದ ಬುಡಕ್ಕೆ ಹಾಕುತ್ತೇನೆ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಕೆಟ್ಟ ಹೊಗೆ ಬರುತ್ತದೆ, ಅದನ್ನು ಸುಡಬೇಡಿ. ಚೆನ್ನಾಗಿರುವುದನ್ನು ಒಗೆದು ಮುಂದಿನ ಸಲಕ್ಕೆ ಎತ್ತಿಡಿ. ಆಗಲೇ ಇಲ್ಲ ಅಂದರೆ ಮಡಿಚಿ, ಯಾರೂ ತುಳಿಯದ ಜಾಗದಲ್ಲಿ ಹೂಳಿ.

ನಿಮ್ಮ ಬಾವುಟವನ್ನು ಶುಭ್ರವಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ಬೀರುವಿನ ಮೇಲಿನ ಹಲಗೆಯಲ್ಲಿಡಿ. ನುಸಿಗುಳಿಗೆ ಇಟ್ಟರೆ ಬಟ್ಟೆಗೆ ನೇರವಾಗಿ ತಾಗದ ಹಾಗೆ ಪಕ್ಕದಲ್ಲಿ. ಹಗ್ಗವನ್ನು ಬೇರೆಯಾಗಿ ಸುತ್ತಿ ಅದೇ ಹಲಗೆಯಲ್ಲೇ ಇಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನು ಬಟ್ಟೆ ಒಣಗಿಸಲು ಕಟ್ಟಿರುತ್ತಾರೆ. ಮತ್ತೆ ಫೋನಿನಲ್ಲಿ ಜನವರಿ 19ಕ್ಕೆ ಒಂದು ಅಲಾರಾಂ ಇಟ್ಟುಬಿಡಿ: ರಾಟೆಗೆ ಎಣ್ಣೆ.